ಯಾರೂ ಕೂರದ ಚಾಪೆಯ ನಾಡಿಗೆ ದುಡ್ಡು ಬಂದಾಗ

ಪೆಸಿಫಿಕ್ ಸಾಗರದ ನಡುವೆ ಸಮೋವಾ ಅಂತ ಒಂದು ಪುಟ್ಟ ದೇಶ. ಉಪೋಲು, ಸವಾಯಿ ಅನ್ನೋ ಎರಡು ದೊಡ್ಡ ದ್ವೀಪ, ಸುತ್ತ ಒಂದಷ್ಟು ಚಿಕ್ಕವು. ಜನಸಂಖ್ಯೆ ಹೆಚ್ಚುಕಡಿಮೆ 2 ಲಕ್ಷ, ಅಂದ್ರೆ ನಮ್ಮ ಒಂದು ತಾಲ್ಲೂಕಿನಷ್ಟು. ಅಲ್ಲಿನ ಹೆಂಗಸರು ನಮ್ಮ ಕೇದಗೆಯ ಜಾತಿಗೆ ಸೇರಿದ ಗಿಡದ ಎಲೆಯಿಂದ ಒಂದು ಬಗೆಯ ಚಾಪೆ ನೇಯ್ತಾರೆ. ಹೆಸರು ‘ಇಯೆ ತೋಂಗಾ’. ಎಲೆಯನ್ನು ಹದ ಮಾಡಿ, ಬಿಸಿಲಲ್ಲಿ ಒಣಗಿಸಿ, ದಾರದಷ್ಟು ಸಣ್ಣಗೆ ಸೀಳಿ ನೇಯಬೇಕು. ಒಂದು ಚಾಪೆ ಮುಗಿಯೋಕೆ ತಿಂಗಳುಗಳೇ ಬೇಕು, ತುಂಬಾ ನಯವಾದದ್ದಾದರೆ ವರ್ಷವೂ ದಾಟುತ್ತೆ. ಬಟ್ಟೆಯ ಹಾಗೆ ಮಡಿಸಿ ಇಡಬಹುದಾದಷ್ಟು ಮೆದು. ಅಂಚಿಗೆ ಕೆಂಪು ಗರಿಗಳ ಅಲಂಕಾರ.

ಇಷ್ಟು ಕಷ್ಟಪಟ್ಟು ನೇಯ್ದ ಚಾಪೆಯ ಮೇಲೆ ಯಾರೂ ಕೂರಲ್ಲ, ಮಲಗಲ್ಲ. ಅದು ಇರೋದೇ ಕೊಡೋಕೆ. ಮದುವೆಗೆ, ಸಾವಿಗೆ, ಹೊಸ ಚರ್ಚಿನ ಪ್ರವೇಶಕ್ಕೆ, ಮನೆತನದ ಯಜಮಾನನಿಗೆ ಪಟ್ಟ ಕಟ್ಟುವಾಗ ಈ ಚಾಪೆಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗ್ತವೆ. ತೀರಾ ಹಳೆಯ, ದೊಡ್ಡ ಮನೆತನದ ಚಾಪೆಗಳಿಗೆ ಹೆಸರಿದೆ, ಚರಿತ್ರೆ ಇದೆ. ಯಾರಾದರೂ ಘೋರ ತಪ್ಪು ಮಾಡಿದರೆ, ಅವರ ಕುಟುಂಬದವರು ನೊಂದವರ ಮನೆ ಮುಂದೆ ಈ ಚಾಪೆ ಹೊದ್ದು ತಲೆ ತಗ್ಗಿಸಿ ಕೂರ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು ಅಂತ ಅರ್ಥ. ಇದಕ್ಕೆ ‘ಇಫೋಂಗ’ ಅಂತಾರೆ.

ಇಂಥ ಊರಿಗೆ ನೋಟು, ನಾಣ್ಯ ಬಂದರೆ ಏನಾಗಬೇಕು? ದುಡ್ಡು ಬಂತು, ಸ್ವಾರ್ಥ ಬಂತು, ಕೊಡು-ಕೊಳ್ಳುವ ಸಂಬಂಧ ಸತ್ತಿತು ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಆದರೆ ಸಮೋವಾದ ಕತೆ ಓದ್ತಾ ಹೋದರೆ ಆಗಿರೋದು ಬೇರೆ. ಅಲ್ಲಿ ಕೊಡೋದು ನಿಲ್ಲಲೇ ಇಲ್ಲ, ಎಷ್ಟೋ ಪಟ್ಟು ಹೆಚ್ಚಾಯಿತು. ಈಗ ಅದರ ಭಾರ ಹೊರೋಕಾಗದೆ ಜನ ಒದ್ದಾಡ್ತಿದ್ದಾರೆ.

ಮೀನು ಕೊಳೆಯುತ್ತೆ, ನೋಟು ಕೊಳೆಯಲ್ಲ

ಮೊದಲು ಅಲ್ಲಿನ ಮನೆತನದ ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ಸಮೋವಾದಲ್ಲಿ ಕುಟುಂಬ ಅಂದ್ರೆ ಗಂಡ, ಹೆಂಡತಿ, ಎರಡು ಮಕ್ಕಳಲ್ಲ. ‘ಐಂಗ’ ಅನ್ನೋದು ಅವಿಭಕ್ತ ಕುಟುಂಬಕ್ಕಿಂತಲೂ ದೊಡ್ಡ ಬಳಗ. ಅದಕ್ಕೊಬ್ಬ ಯಜಮಾನ, ‘ಮತಾಯಿ’. ನಮ್ಮ ಪಟೇಲಿಕೆಯ ಹಾಗೆ ಅಪ್ಪನಿಂದ ಮಗನಿಗೆ ತಾನಾಗಿ ಬರುವ ಪಟ್ಟವಲ್ಲ ಇದು, ಬಳಗ ಸೇರಿ ಆರಿಸುತ್ತೆ. ಹೆಂಗಸರೂ ಮತಾಯಿ ಆಗಬಹುದು. ಜಮೀನು ಬಳಗದ್ದು, ಯಾರು ಎಲ್ಲಿ ಉಳಬೇಕು ಅನ್ನೋದು ಮತಾಯಿಯ ಮಾತು. ಊರಿನ ಮತಾಯಿಗಳೆಲ್ಲ ಸೇರಿದರೆ ‘ಫೊನೊ’, ಅಂದರೆ ಊರ ಪಂಚಾಯ್ತಿ.

ಹಳೆಯ ಕಾಲದ ಹಳ್ಳಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಬ್ಬನಿಗೆ ಇವತ್ತು ಬಲೆ ತುಂಬ ಮೀನು ಸಿಕ್ಕಿತು. ಆ ಸೆಕೆಯಲ್ಲಿ ಎರಡು ದಿನ ಇಟ್ಟರೆ ನಾರುತ್ತೆ. ಕೆಸುವಿನ ಗೆಡ್ಡೆ, ಹಲಸಿನ ಬಳಗದ ಜೀಗುಜ್ಜೆ, ಬಾಳೆ ಯಾವುದೂ ವರ್ಷಗಟ್ಟಲೆ ಉಳಿಯಲ್ಲ. ಹಾಗಾಗಿ ಹೆಚ್ಚಾದದ್ದನ್ನು ಪಕ್ಕದ ಮನೆಗೆ ಕೊಡೋದೇ ಬುದ್ಧಿವಂತಿಕೆ. ನಾಳೆ ಅವರಿಗೆ ಸಿಕ್ಕಾಗ ನಮಗೆ ಬರುತ್ತೆ. ಕೊಟ್ಟದ್ದೇ ಠೇವಣಿ. ಮನೆಗಳೂ ಹಾಗೇ ಇದ್ದವು. ‘ಫಲೆ’ ಅನ್ನೋ ಮನೆಗೆ ಗೋಡೆ ಇಲ್ಲ, ಕಂಬ ಮತ್ತು ಚಾವಣಿ ಅಷ್ಟೇ. ಒಳಗೆ ಏನಿದೆ, ಯಾರು ಏನು ತಿಂತಿದ್ದಾರೆ ಅನ್ನೋದು ಊರಿಗೆಲ್ಲ ಕಾಣುತ್ತೆ. ಬಚ್ಚಿಡೋಕೆ ಜಾಗವೇ ಇಲ್ಲ!

ದುಡ್ಡು ಕೊಳೆಯಲ್ಲ. ಜೇಬಲ್ಲಿ ಬಚ್ಚಿಡಬಹುದು. ಒಂದೊಂದು ರೂಪಾಯಿ ತನಕ ಎಣಿಸಬಹುದು, ಸಾವಿರಾರು ಮೈಲಿ ದೂರದಿಂದ ಕಳಿಸಬಹುದು. ಈ ನಾಲ್ಕು ಗುಣ ಸಾಕು, ಮುಂದಿನ ಕತೆಯೆಲ್ಲ ಅದರಿಂದಲೇ ಹುಟ್ಟಿದ್ದು.

ಮದುವೆಯ ಕೊಡುಕೊಳ್ಳುವಿಕೆಯಲ್ಲಿ ಅಲ್ಲಿ ಎರಡು ಬಗೆಯ ವಸ್ತು. ಹೆಣ್ಣಿನ ಕಡೆಯವರು ಕೊಡೋದು ‘ತೋಂಗಾ’: ಚಾಪೆ, ಮರದ ತೊಗಟೆಯ ಬಟ್ಟೆ, ಅಂದರೆ ಹೆಂಗಸರ ಕೈಕೆಲಸ. ಗಂಡಿನ ಕಡೆಯವರು ಕೊಡೋದು ‘ಓಲೋವ’: ಹಂದಿ, ದೋಣಿ, ಉಪಕರಣ. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದ ಮೊದಲ ಅಧ್ಯಾಯ ಶುರುವಾಗೋದೇ ಸಮೋವಾದ ಈ ಜೋಡಿಯಿಂದ. ಬಿಳಿಯರು ಹಡಗಲ್ಲಿ ಸಾಮಾನು ತಂದ ಮೇಲೆ ‘ಓಲೋವ’ದ ಅರ್ಥ ಮೆಲ್ಲಗೆ ಜಾರಿತು. ಕಬ್ಬಿಣ, ಬಟ್ಟೆ, ಆಮೇಲೆ ದುಡ್ಡು, ಎಲ್ಲ ಓಲೋವ ಆದವು. ಇವತ್ತು ಸಮೋವಾದಲ್ಲಿ ಅಂಗಡಿಗೆ ‘ಫಲೆಓಲೋವ’ ಅಂತಾರೆ, ಓಲೋವದ ಮನೆ. ಗಂಡಿನ ಕಡೆಯ ಉಡುಗೊರೆಯ ಹೆಸರು ಕಿರಾಣಿ ಅಂಗಡಿಯ ಬೋರ್ಡಿಗೆ ಬಂತು ನೋಡಿ.

ಕೊಬ್ಬರಿಯ ಕಾಲ

ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಸವಾಯಿ ದ್ವೀಪಕ್ಕೆ ಬಂದದ್ದು 1830ರಲ್ಲಿ. ಜನ ಬೇಗ ಕ್ರೈಸ್ತರಾದರು. ಚರ್ಚಿಗೆ ಕಾಣಿಕೆ ಕೊಡಬೇಕಲ್ಲ, ಕೈಯಲ್ಲಿ ದುಡ್ಡಿಲ್ಲ, ಹಾಗಾಗಿ ತೆಂಗಿನೆಣ್ಣೆ ಕೊಟ್ಟರು. 1857ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಗೋಡೆಫ್ರಾಯ್ ಕಂಪನಿ ಆಪಿಯಾದಲ್ಲಿ ಅಂಗಡಿ ಹಾಕಿತು. ಮೊದಮೊದಲು ಎಣ್ಣೆ ಕೊಳ್ತಿದ್ದವರು ಆಮೇಲೆ ಒಣ ಕೊಬ್ಬರಿಗೆ ಬದಲಾದರು. (ಇಂಗ್ಲಿಷಿನ ‘ಕೋಪ್ರಾ’ ನಮ್ಮ ಕೊಬ್ಬರಿಯ ನೆಂಟ. ತಿಪಟೂರಿನ ಕಡೆಯವರು ಹೆಮ್ಮೆ ಪಡಬಹುದು.)

ಅದೇ ಹೊತ್ತಿಗೆ ಪಟ್ಟಕ್ಕಾಗಿ ಒಳಜಗಳ. ಕೋವಿ ಬೇಕು, ಕೋವಿಗೆ ಬದಲು ಜಮೀನು. ಬಿಳಿಯರು ಬರೆಸಿಕೊಂಡ ಕಾಗದಗಳನ್ನೆಲ್ಲ 1890ರ ದಶಕದಲ್ಲಿ ಒಂದು ಆಯೋಗ ಕೂಡಿಸಿ ನೋಡಿತು. ಅವರು ಕೇಳಿದ ಒಟ್ಟು ಜಮೀನು ದ್ವೀಪಗಳ ಇಡೀ ವಿಸ್ತೀರ್ಣದ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು! ಆಯೋಗ ಬಹುಪಾಲನ್ನು ತಳ್ಳಿಹಾಕಿತು. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ತನ್ನ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ, ಆಪಿಯಾ ಹತ್ತಿರದ ವೈಲಿಮಾದಲ್ಲಿ. ಈ ಜಗಳಗಳ ಬಗ್ಗೆ, ಜರ್ಮನ್ ಕಂಪನಿಯ ಬಗ್ಗೆ 1892ರಲ್ಲಿ ಒಂದು ಪುಸ್ತಕವನ್ನೇ ಬರೆದ.

1900ರಲ್ಲಿ ಜರ್ಮನ್ ಆಳ್ವಿಕೆ ಬಂತು. ತೋಟಗಳಲ್ಲಿ ಕೂಲಿಗೆ ಸಮೋವಾದವರು ಬರಲೊಲ್ಲರು. ಯಾಕೆ ಬರಬೇಕು? ಜಮೀನಿದೆ, ಕೆಸುವಿದೆ, ಸಮುದ್ರ ಇದೆ. ಜರ್ಮನ್ನರು ಚೀನಾದಿಂದ, ಸಾಲೊಮನ್ ಮುಂತಾದ ದ್ವೀಪಗಳಿಂದ ಕೂಲಿಗಳನ್ನು ತಂದರು. (ಪಕ್ಕದ ಫಿಜಿಗೆ ಬ್ರಿಟಿಷರು 1879ರಿಂದ ನಮ್ಮ ದೇಶದ ಕೂಲಿಗಳನ್ನು ಒಯ್ದದ್ದಕ್ಕೂ ಹೆಚ್ಚುಕಡಿಮೆ ಇದೇ ಕಾರಣ.) ಗವರ್ನರ್ ವಿಲ್ಹೆಲ್ಮ್ ಸಾಲ್ಫ್, ಪ್ರತಿ ಮತಾಯಿಯೂ ವರ್ಷಕ್ಕೆ 50 ತೆಂಗಿನ ಸಸಿ ನೆಡಬೇಕು ಅಂತ ಕಾನೂನು ಮಾಡಿದ. ತಲೆಗಂದಾಯವನ್ನೂ ಹಾಕಿದ. ಕಂದಾಯ ಕಟ್ಟೋಕೆ ದುಡ್ಡು ಬೇಕು, ದುಡ್ಡಿಗೆ ಕೊಬ್ಬರಿ ಮಾರಬೇಕು. ಎಷ್ಟೋ ನಾಡುಗಳಲ್ಲಿ ದುಡ್ಡಿನ ವ್ಯವಹಾರ ಹಳ್ಳಿಯೊಳಗೆ ಕಾಲಿಟ್ಟದ್ದು ಹೀಗೇ, ಆಸೆಯಿಂದ ಬಂದದ್ದಕ್ಕಿಂತ ತೆರಿಗೆಯಿಂದ ಬಂದದ್ದೇ ಹೆಚ್ಚು.

ಸಮೋವಾದವರು ಪೆದ್ದರಾಗಿರಲಿಲ್ಲ. ಕೊಬ್ಬರಿಗೆ ವ್ಯಾಪಾರಿಗಳು ಬೆಲೆ ಇಳಿಸಿದಾಗ, 1904ರ ಸುಮಾರಿಗೆ ತಮ್ಮದೇ ಒಂದು ಸಹಕಾರಿ ಕಂಪನಿ ಕಟ್ಟೋಕೆ ಹೊರಟರು. ಅದರ ಹೆಸರಲ್ಲೂ ಅದೇ ಪದ, ‘ಓಲೋವ’. ಸಾಲ್ಫ್ ಅದನ್ನು ಮಟ್ಟ ಹಾಕಿದ. ದುಡ್ಡು ಬೇಕು, ಆದರೆ ನಮ್ಮ ಬಳಗದ ರೀತಿಯಲ್ಲೇ ಬೇಕು ಅನ್ನೋ ಹಟ ಅವತ್ತಿನಿಂದಲೂ ಅವರಲ್ಲಿದೆ.

1914ರಲ್ಲಿ ನ್ಯೂಜಿಲೆಂಡ್ ಬಂದು ಕೂತಿತು. 1962ರಲ್ಲಿ ಸ್ವಾತಂತ್ರ್ಯ. 1967ರಲ್ಲಿ ಸ್ವಂತ ನಾಣ್ಯ, ‘ತಾಲ’. ಡಾಲರ್ ಅನ್ನೋ ಪದ ಸಮೋವಾದ ನಾಲಿಗೆಯಲ್ಲಿ ತಾಲ ಆಯಿತು, ಸೆಂಟ್ ‘ಸೆನೆ’ ಆಯಿತು.

ತೊಡಕು ಅನ್ನೋ ಹಬ್ಬ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸಾವು, ಮದುವೆ, ಪಟ್ಟ, ಚರ್ಚಿನ ಪ್ರವೇಶ ಇಂಥ ಎಲ್ಲಕ್ಕೂ ಸಮೋವಾ ಭಾಷೆಯಲ್ಲಿ ಒಂದೇ ಹೆಸರು, ‘ಫಾಲವೆಲವೆ’. ಪದದ ಮೂಲ ಅರ್ಥ ಸಿಕ್ಕು, ತೊಡಕು, ದಿನದ ಬದುಕಿಗೆ ಅಡ್ಡ ಬರುವಂಥದ್ದು. ಎಷ್ಟು ಸರಿಯಾದ ಹೆಸರು ಅಲ್ವಾ?

ನಮಗೆ ಇದು ಅರ್ಥ ಆಗೋಕೆ ಒಂದು ಪದ ಸಾಕು: ಮುಯ್ಯಿ. ಮದುವೆಮನೆ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟು, ಅವರ ಮನೆ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಫಾಲವೆಲವೆ ಅಂದರೆ ಅಂಥ ಮುಯ್ಯಿ, ಆದರೆ ಇಡೀ ಬಳಗ, ಇಡೀ ಊರು, ಚರ್ಚು ಎಲ್ಲ ಸೇರಿದ್ದು.

ಒಂದು ಸಾವಾಯಿತು ಅನ್ನಿ. ನೆಂಟರು ಗುಂಪು ಗುಂಪಾಗಿ ಬರ್ತಾರೆ. ಪ್ರತಿ ಗುಂಪಿನಿಂದ ಚಾಪೆ, ಹಂದಿ, ಊಟದ ಸಾಮಾನು, ಕವರಿನಲ್ಲಿ ದುಡ್ಡು. ಮನೆಯವರ ಕಡೆಯ ಮಾತುಗಾರ ಮತಾಯಿಯೊಬ್ಬ ಎದ್ದು ನಿಂತು ಗೌರವದ ಮಾತಾಡಿ, ಬಂದದ್ದನ್ನು ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳ್ತಾನೆ. ಆಮೇಲೆ ಮನೆಯವರು ಬಂದವರಿಗೆಲ್ಲ ಮರಳಿ ಕೊಡಬೇಕು. ಪಾದ್ರಿಗೆ ಇಷ್ಟು, ಮಾತುಗಾರರಿಗೆ ಇಷ್ಟು, ದೂರದಿಂದ ಬಂದವರಿಗೆ ಇಷ್ಟು. ಎಲ್ಲ ಮುಗಿದಾಗ ಸತ್ತವರ ಮನೆಯಲ್ಲಿ ಏನೂ ಉಳಿಯದೆ ಸಾಲ ಮಾತ್ರ ಉಳಿಯೋದೂ ಉಂಟು.

ಹಿಂದೆಯೂ ಹೀಗೇ ಇತ್ತು. ಆದರೆ ಹಿಂದೆ ಒಂದು ಮಿತಿ ಇತ್ತು. ಊರಲ್ಲಿ ಇರೋ ಹಂದಿ ಎಷ್ಟು, ಹೆಂಗಸರು ನೇಯಬಹುದಾದ ಚಾಪೆ ಎಷ್ಟು, ಅದೇ ಮಿತಿ. ವರ್ಷಕ್ಕೊಂದು ಚಾಪೆ ನೇಯುವ ಮನೆ ಹತ್ತು ಚಾಪೆ ಎಲ್ಲಿಂದ ಕೊಡುತ್ತೆ? ದುಡ್ಡಿಗೆ ಆ ಮಿತಿ ಇಲ್ಲ. ಆಕ್ಲೆಂಡಿನಲ್ಲಿ ತಮ್ಮ ಇದ್ದಾನೆ, ಸಿಡ್ನಿಯಲ್ಲಿ ಅಕ್ಕ ಇದ್ದಾಳೆ, ಫೋನ್ ಮಾಡಿದರೆ ಆಯಿತು. ಪಕ್ಕದ ಬಳಗ 50 ಪೆಟ್ಟಿಗೆ ಡಬ್ಬಿ ಮೀನು ಕೊಟ್ಟರೆ ನಾವು 60 ಕೊಡಬೇಕು.

ಡಬ್ಬಿ ಅಂದಾಗ ಒಂದು ತಮಾಷೆ ನೆನಪಾಯಿತು. ಡಬ್ಬಿಯಲ್ಲಿ ಬರುವ ಉಪ್ಪು ಹಾಕಿದ ದನದ ಮಾಂಸಕ್ಕೆ ಸಮೋವಾದಲ್ಲಿ ‘ಪಿಸುಪೊ’ ಅಂತಾರೆ. ಬಿಳಿಯರು ಮೊದಲು ತಂದ ಡಬ್ಬಿಗಳಲ್ಲಿ ಇದ್ದದ್ದು ಬಟಾಣಿ ಸೂಪು, ಅಂದರೆ ‘ಪೀ ಸೂಪ್’. ಅದೇ ಪಿಸುಪೊ ಆಗಿ, ಒಳಗಿನ ವಸ್ತು ಬದಲಾದರೂ ಹೆಸರು ಉಳಿಯಿತು. ಇವತ್ತು ಪಿಸುಪೊ ಪೆಟ್ಟಿಗೆ ಇಲ್ಲದೆ ಫಾಲವೆಲವೆ ನಡೆಯಲ್ಲ. ಹೊರಗಿಂದ ಬಂದ ಕೊಬ್ಬಿನ ಮಾಂಸ ಎಷ್ಟು ಹಬ್ಬಿತು ಅಂದ್ರೆ, ಟರ್ಕಿ ಕೋಳಿಯ ಬಾಲದ ಭಾಗದ ಆಮದನ್ನು ಸರ್ಕಾರ 2007ರಲ್ಲಿ ನಿಷೇಧಿಸಿತು. ಆದರೆ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಾದಾಗ ಆ ನಿಷೇಧ ತೆಗೆಯಲು ಒಪ್ಪಬೇಕಾಯಿತು. ಮನೆಯ ಅಂಗಳದಲ್ಲಿ ಕೆಸು, ತೆಂಗು ಬೆಳೆಯುವ ನಾಡಲ್ಲಿ ಸಕ್ಕರೆ ಕಾಯಿಲೆ ಈಗ ಮನೆಮಾತು.

ದೂರದಿಂದ ಮಾಡುವ ಸೇವೆ

ಅಧಿಕಾರದ ದಾರಿ ಸೇವೆ ಅಂತ ಸಮೋವಾದಲ್ಲಿ ಒಂದು ಗಾದೆ ಇದೆ. ಸೇವೆಗೆ ಅವರ ಪದ ‘ತೌತುವ’. ಹುಡುಗನೊಬ್ಬ ಮುಂದೆ ಮತಾಯಿ ಆಗಬೇಕಾದರೆ ವರ್ಷಗಟ್ಟಲೆ ಹಿರಿಯರ ಕಣ್ಣಮುಂದೆ ಇರಬೇಕಿತ್ತು. ತೋಟದಲ್ಲಿ ದುಡಿಯಬೇಕು, ಒಲೆ ಹೊತ್ತಿಸಬೇಕು, ಊಟ ಬಡಿಸಬೇಕು, ಹಿರಿಯರ ಮಾತು ಕೇಳಿ ಕಲಿಯಬೇಕು.

ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಕೈ ಬೇಕಾಯಿತು, ಜನ ಹೊರಟರು. 1970ರ ದಶಕದಲ್ಲಿ ಅಲ್ಲಿ ಕೆಲಸ ಕಮ್ಮಿಯಾದಾಗ, ವೀಸಾ ಮುಗಿದವರನ್ನು ಹಿಡಿಯೋಕೆ ಪೊಲೀಸರು ಬೆಳಗಿನ ಜಾವ ಪೆಸಿಫಿಕ್ ದ್ವೀಪದವರ ಮನೆಗಳ ಬಾಗಿಲು ಬಡಿದರು. (ಅದಕ್ಕೆ 2021ರ ಆಗಸ್ಟ್ 1ರಂದು ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಆಕ್ಲೆಂಡ್ ಟೌನ್ ಹಾಲಿನಲ್ಲಿ ಅವರ ತಲೆಯ ಮೇಲೆ ಚಾಪೆ ಹೊದಿಸಿ ಇಫೋಂಗದ ವಿಧಿಯಲ್ಲೇ ಅದು ನಡೆಯಿತು.) ಆದರೂ ವಲಸೆ ನಿಲ್ಲಲಿಲ್ಲ. 2018ರ ಜನಗಣತಿಯಲ್ಲಿ ನ್ಯೂಜಿಲೆಂಡಿನಲ್ಲೇ 1.8 ಲಕ್ಷ ಸಮೋವಾ ಮೂಲದವರಿದ್ದರು. ಆಸ್ಟ್ರೇಲಿಯಾ, ಅಮೆರಿಕ ಸೇರಿಸಿದರೆ ದೇಶದೊಳಗಿನವರಿಗಿಂತ ಹೊರಗಿನವರೇ ಹೆಚ್ಚು.

ಊರಲ್ಲಿ ದುಡ್ಡು ಹುಟ್ಟುವ ದಾರಿಗಳು ಒಂದೊಂದಾಗಿ ಮುಚ್ಚಿದವು. 1990, 1991ರಲ್ಲಿ ಓಫಾ, ವಾಲ್ ಅನ್ನೋ ಎರಡು ಚಂಡಮಾರುತ. ಅದರ ಹಿಂದೆಯೇ 1993ರಲ್ಲಿ ಕೆಸುವಿಗೆ ಎಲೆರೋಗ ಬಂತು. ದೇಶದ ಮುಖ್ಯ ರಫ್ತು ಬೆಳೆಯೇ ಅದು, ನೆಲಕಚ್ಚಿತು. ಕಾರಿನ ವೈರಿಂಗ್ ಜೋಡಿಸುವ ಜಪಾನಿ ಕಾರ್ಖಾನೆ 1991ರಲ್ಲಿ ಬಂದು 2017ರಲ್ಲಿ ಬಾಗಿಲು ಹಾಕಿತು. ಉಳಿದದ್ದು ಹೊರಗಿನಿಂದ ಬರುವ ಹಣ. ಇತ್ತೀಚಿನ ವರ್ಷಗಳಲ್ಲಿ ಅದು ದೇಶದ ಒಟ್ಟು ಉತ್ಪನ್ನದ ಕಾಲು ಭಾಗವನ್ನೂ ಮೀರಿದೆ.

ಹಾಗಾಗಿ ತೌತುವದ ಅರ್ಥವೂ ಬದಲಾಯಿತು. ತಿಂಗಳು ತಿಂಗಳು ದುಡ್ಡು ಕಳಿಸೋದೂ ಸೇವೆಯೇ. ಆಕ್ಲೆಂಡಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವನಿಗೂ ಮತಾಯಿ ಪಟ್ಟ ಸಿಗುತ್ತೆ. ಒಂದೇ ಪಟ್ಟವನ್ನು ಹಲವರಿಗೆ ಹಂಚೋದು ಸಾಮಾನ್ಯವಾಯಿತು. ಪಟ್ಟ ಹೆಚ್ಚಾದಷ್ಟೂ ಸಮಾರಂಭ, ಸಮಾರಂಭ ಹೆಚ್ಚಾದಷ್ಟೂ ಖರ್ಚು. ಊರಲ್ಲೇ ಉಳಿದು ಅಜ್ಜ ಅಜ್ಜಿಯನ್ನು ನೋಡಿಕೊಂಡು, ಕೆಸು ನೆಟ್ಟು ದುಡಿದವನ ಗತಿ? ಅವನ ಬೆವರನ್ನು ಯಾರೂ ಎಣಿಸಲ್ಲ. ಹೊರಗಿನವನ 500 ಡಾಲರ್ ಮಾತ್ರ ಎಲ್ಲರ ಕಿವಿಗೂ ಬೀಳುತ್ತೆ. ನನಗೆ ಈ ಕತೆಯಲ್ಲಿ ತುಂಬಾ ಚುಚ್ಚಿದ್ದು ಇದೇ.

ದೂರದಲ್ಲಿರುವವರ ಪಾಡೂ ಸುಖದ್ದಲ್ಲ. ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಓದಿಸಬೇಕು. ಆಗ ಊರಿಂದ ಫೋನ್: ದೊಡ್ಡಪ್ಪ ಹೋಗಿಬಿಟ್ಟರು. ದುಃಖ ಪಡೋಕೆ ಮೊದಲು ಲೆಕ್ಕ ಹಾಕಬೇಕು. ದಕ್ಷಿಣ ಆಕ್ಲೆಂಡಿನಲ್ಲಿ ಹೆಚ್ಚು ಬಡ್ಡಿಗೆ ಕೈಸಾಲ ಕೊಡುವ ಅಂಗಡಿಗಳು ಬೆಳೆದದ್ದರ ಹಿಂದೆ ಇಂಥ ಫೋನ್‌ಗಳೂ ಇವೆ. ಅದರ ಮೇಲೆ ದುಡ್ಡು ಕಳಿಸುವ ಶುಲ್ಕ. ಪೆಸಿಫಿಕ್ ದ್ವೀಪಗಳಿಗೆ ಈ ಶುಲ್ಕ ಪ್ರಪಂಚದಲ್ಲೇ ದುಬಾರಿಯ ಸಾಲಿನಲ್ಲಿತ್ತು, ನೂರಕ್ಕೆ ಸುಮಾರು ಒಂಬತ್ತು ಹತ್ತು ಕೈಬಿಡ್ತಿತ್ತು. ಯುಪಿಐನಲ್ಲಿ ಹತ್ತು ರೂಪಾಯಿಯನ್ನೂ ಬಿಟ್ಟಿಯಾಗಿ ಕಳಿಸುವ ನಮ್ಮಂಥವರಿಗೆ ಇದು ಅನ್ಯಾಯ ಅನ್ನಿಸದೇ ಇರಲ್ಲ.

ಚರ್ಚಿನಲ್ಲೂ ಹಾಗೇ. ಯಾವ ಮನೆ ಎಷ್ಟು ಕೊಟ್ಟಿತು ಅಂತ ಗಟ್ಟಿಯಾಗಿ ಓದುವ ಪದ್ಧತಿ ಹಲವು ಊರಲ್ಲಿದೆ. ಬಡ ಮನೆಯ ಹೆಸರಿನ ಮುಂದೆ ಸಣ್ಣ ಸಂಖ್ಯೆ ಕೇಳಿದರೆ ಹೇಗಾಗಬೇಡ? ಪಾದ್ರಿಗಳಿಗೆ ಬರುವ ಕಾಣಿಕೆಗೂ ಆದಾಯ ತೆರಿಗೆ ಹಾಕುವ ಕಾನೂನನ್ನು ಸರ್ಕಾರ 2017ರಲ್ಲಿ ತಂದಾಗ, ದೇಶದ ಅತಿ ದೊಡ್ಡ ಚರ್ಚ್ ಕಟ್ಟಲ್ಲ ಅಂತ ನಿಂತಿತು. ದೇವರಿಗೆ ಕೊಟ್ಟದ್ದಕ್ಕೆ ತೆರಿಗೆಯೇ ಅಂತ ಅವರ ವಾದ.

ಇಷ್ಟೆಲ್ಲ ಓದಿ ‘ಹಾಗಾದರೆ ಈ ಪದ್ಧತಿಯನ್ನೇ ಬಿಡಬಾರದಾ?’ ಅಂತ ನಿಮಗೆ ಅನ್ನಿಸಬಹುದು. ಹೇಳೋದು ಸುಲಭ. ಚಂಡಮಾರುತದಲ್ಲಿ ಮನೆ ಹಾರಿಹೋದಾಗ, ಕಾಯಿಲೆ ಬಿದ್ದಾಗ, ಕೆಲಸ ಹೋದಾಗ ಅಲ್ಲಿ ಕೈ ಹಿಡಿಯೋದು ಈ ಬಳಗವೇ. ಓಫಾ, ವಾಲ್ ಆದ ಮೇಲೆ ಸವಾಯಿಯಲ್ಲಿ ಎದ್ದ ಸಿಮೆಂಟಿನ ಮನೆಗಳ ಹಿಂದೆ ಹೊರದೇಶದ ಮಕ್ಕಳ ಸಂಬಳ ಇತ್ತು. ಆ ಹೊಸ ಮನೆಗಳಿಗೆ ಗೋಡೆ ಇದೆ, ಬಾಗಿಲಿಗೆ ಬೀಗವೂ ಇದೆ, ಅದು ಬೇರೆ ಮಾತು.

ಚಾಪೆಯ ಬೆಲೆ

ದುಡ್ಡಿನ ಜೊತೆ ಚಾಪೆಗೂ ಹಣದುಬ್ಬರ ಬಂತು. ನೂರಾರು ಚಾಪೆ ಬೇಕಾದಾಗ ಒರಟಾಗಿ ಸೀಳಿ, ವಾರಗಳಲ್ಲಿ ನೇಯ್ದು ಮುಗಿಸುವ ಚಾಪೆಗಳು ಬಂದವು. ಒಂದೇ ಚಾಪೆ ಮಾರುಕಟ್ಟೆಯಿಂದ ಸಾವಿನ ಮನೆಗೆ, ಅಲ್ಲಿಂದ ಪಾದ್ರಿ ಮನೆಗೆ, ಮತ್ತೆ ಮಾರುಕಟ್ಟೆಗೆ ಸುತ್ತೋಕೆ ಶುರುವಾಯಿತು. ನಯವಾದ ಹಳೆಯ ನೇಯ್ಗೆ ಬಲ್ಲ ಅಜ್ಜಿಯರು ಕಡಿಮೆಯಾದರು.

1991ರಲ್ಲಿ ಶುರುವಾದ ‘ವಿಮೆನ್ ಇನ್ ಬಿಸಿನೆಸ್’ ಅನ್ನೋ ಮಹಿಳಾ ಸಂಸ್ಥೆ ಇದಕ್ಕೊಂದು ದಾರಿ ಹುಡುಕಿತು. ಬಲ್ಲವರಿಂದ ಹೊಸಬರಿಗೆ ಹಳೆಯ ನೇಯ್ಗೆ ಕಲಿಸಿದರು. ಒಳ್ಳೆಯ ಚಾಪೆ ಬೇಕಾದವರು ನೇಯುವಾಕೆಗೆ ವಾರ ವಾರ ಇಷ್ಟು ಅಂತ ದುಡ್ಡು ಕೊಡ್ತಾ ಹೋಗೋದು, ಮುಗಿದ ಮೇಲೆ ಚಾಪೆ ತಗೊಳ್ಳೋದು. ಹಳ್ಳಿಯ ಹೆಂಗಸಿಗೆ ಮನೆಯಲ್ಲೇ ಕೂತು ಸಂಬಳದ ಹಾಗೆ ಆದಾಯ. 2019ರಲ್ಲಿ ಯುನೆಸ್ಕೋ ಈ ಚಾಪೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದುಡ್ಡಿನಿಂದ ಕೆಟ್ಟ ನೇಯ್ಗೆಯನ್ನು ದುಡ್ಡಿನಿಂದಲೇ ರಿಪೇರಿ ಮಾಡಿದ್ದು ನನಗೆ ಇಷ್ಟವಾಯಿತು.

ಗಂಡಸರ ವಿಷಯದಲ್ಲಿ ಇಂಥ ದಾರಿ ಇನ್ನೂ ಕಂಡಿಲ್ಲ. 2007ರಿಂದ ನ್ಯೂಜಿಲೆಂಡ್ ಸೇಬು, ಕಿವಿ ಹಣ್ಣಿನ ತೋಟಗಳಿಗೆ ಕೆಲವು ತಿಂಗಳ ಮಟ್ಟಿಗೆ ದ್ವೀಪದವರನ್ನು ಕರೆಸಿಕೊಳ್ತಿದೆ, ಆಸ್ಟ್ರೇಲಿಯಾದ್ದೂ ಅಂಥದೇ ಯೋಜನೆ ಇದೆ. ಅಲ್ಲಿ ಕೆಲವೇ ತಿಂಗಳಲ್ಲಿ ದುಡಿಯೋದು ಊರಲ್ಲಿ ಎಷ್ಟೋ ವರ್ಷದ ಸಂಬಳ. ಮೇಷ್ಟ್ರು, ಪೊಲೀಸು ಕೂಡ ಇದ್ದ ಕೆಲಸ ಬಿಟ್ಟು ಹಣ್ಣು ಕೀಳೋಕೆ ಹೋಗ್ತಾರೆ. ಪ್ರಧಾನಿಯಾಗಿದ್ದಾಗ ಫಿಯಾಮೆ ನವೋಮಿ ಮಟಾಫಾ ಈ ಬಗ್ಗೆ ಬಹಿರಂಗವಾಗಿಯೇ ಆತಂಕ ಹೇಳಿಕೊಂಡಿದ್ದರು. ಊರಲ್ಲಿ ತೋಟ ನೋಡುವವರಿಲ್ಲ, ಅಪ್ಪ ಇಲ್ಲದ ಮನೆಗಳಲ್ಲಿ ಮಕ್ಕಳು ಬೆಳೀತಿದ್ದಾರೆ.

ಒಂದು ಕಡೆ ಮಾತ್ರ ಸಮೋವಾ ದುಡ್ಡಿಗೆ ಇನ್ನೂ ಬಾಗಿಲು ತೆರೆದಿಲ್ಲ. ದೇಶದ ಸುಮಾರು 80 ಭಾಗ ಜಮೀನು ಇವತ್ತಿಗೂ ಬಳಗಗಳದ್ದು. ಸಂವಿಧಾನದ 102ನೇ ವಿಧಿ ಪ್ರಕಾರ ಅದನ್ನು ಮಾರೋ ಹಾಗಿಲ್ಲ, ಅಡವಿಡೋ ಹಾಗೂ ಇಲ್ಲ. ಗುತ್ತಿಗೆಗೆ ಕೊಡಬಹುದು. ಆ ಗುತ್ತಿಗೆಯ ಹಕ್ಕನ್ನೇ ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ತರೋ ಹಾಗೆ ಮಾಡೋಣ ಅನ್ನೋ ಸುಧಾರಣೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕು ನೆರವು ಕೊಟ್ಟಾಗ, ಕೆಲವು ಮತಾಯಿಗಳು 2014ರಲ್ಲಿ ಆ ಬ್ಯಾಂಕಿಗೇ ದೂರು ಬರೆದರು. ಸಾಲ ತೀರದಿದ್ದರೆ ನಮ್ಮ ನೆಲದ ಮೇಲೆ ಕೂರೋದು ಯಾರು ಅನ್ನೋದು ಅವರ ಪ್ರಶ್ನೆ. ಆ ಚರ್ಚೆ ಇನ್ನೂ ಮುಗಿದಿಲ್ಲ. ಆಕ್ಲೆಂಡಿನಲ್ಲಿ ಮೂವತ್ತು ವರ್ಷ ದುಡಿದು ಕೈಖಾಲಿ ಮಾಡಿಕೊಂಡು ಹಿಂದಿರುಗಿದವನೂ ಸವಾಯಿಯ ತನ್ನ ಊರಿಗೆ ಹೋಗಿ ಕೇಳಿದರೆ, ಮತಾಯಿ ಒಂದು ತುಂಡು ನೆಲ ತೋರಿಸ್ತಾನೆ. ಅದಕ್ಕೆ ಬಾಡಿಗೆ ಇಲ್ಲ.